ಬಣ್ಣ ಹಿಡಿಯದ ಹೆಸರು

ಯಾರ ಮನೆಗೆ ಹೋದರೂ, ಕಾಫಿ ಕೊಟ್ಟ ಕೂಡಲೇ ಲೋಟ ತಿರುಗಿಸಿ ಅದರ ಮೇಲಿನ ಹೆಸರು ಓದುವುದು ನನ್ನ ಕೆಟ್ಟ ಅಭ್ಯಾಸ. ಲೋಟ ಸರಿಯಾಗಿ ತೊಳೆದಿಲ್ಲವೇನೋ ಎಂದು ಕೊಟ್ಟವರಿಗೆ ಗಾಬರಿ. ನಾನು ನೋಡುವುದು ಅದು ಯಾರ ಮದುವೆಗೆ ಯಾರು ಕೊಟ್ಟದ್ದು ಎಂದಷ್ಟೇ. ಹೀಗೆ ಕಂಡವರ ಲೋಟ ಓದುವ ನನ್ನ ಅಡುಗೆಮನೆಯಲ್ಲೇ ಅರ್ಧ ಲೋಟಗಳ ಮೇಲೆ ಊರವರ ಹೆಸರಿದೆ. ನಮ್ಮವು ಯಾರ ಮನೆಯಲ್ಲಿ ಕಾಫಿ ಕುಡಿಸುತ್ತಿವೆಯೋ!

ಪಾತ್ರೆಯ ಮೇಲೆ ಹೆಸರು ಹಾಕುವುದು ಸುಲಭ. ಹಿತ್ತಾಳೆಯಾಗಲಿ ಸ್ಟೀಲಾಗಲಿ, ಒಳಗೂ ಹೊರಗೂ ಒಂದೇ. ಹಳೇಬೀಡಿನ ಗುಡಿಯಲ್ಲಿ ವಿಗ್ರಹಗಳ ಕಾಲಡಿ ತಮ್ಮ ಹೆಸರು ಕೊರೆದುಕೊಂಡ ಶಿಲ್ಪಿಗಳಿಗೂ ಆ ಅನುಕೂಲವಿತ್ತು; ಎಷ್ಟು ಕೆತ್ತಿದರೂ ಒಳಗೆ ಕಲ್ಲೇ. ಬಣ್ಣ ಬಳಿದ ತಗಡಿನ ಕಥೆ ಹಾಗಲ್ಲ. ಅಲ್ಲಿ ಅಕ್ಷರವೆಂದರೆ ಬಣ್ಣ ಹೋದ ಜಾಗ. ಬೆಳ್ಳಗೆ ಹೊಳೆಯುತ್ತದೆ, ನಿಜ. ಆದರೆ ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಇದು ನನಗೆ ತಿಳಿದದ್ದು ತಂಗಿ ಸರೋಜಳ ಟ್ರಂಕಿನಿಂದ. ಅವಳನ್ನು ಮಾದಿಹಳ್ಳಿಗೆ ಕೊಟ್ಟು ಮದುವೆ ಮಾಡುವಾಗ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಬಸಣ್ಣನ ಅಂಗಡಿಯಲ್ಲಿ ಒಂದು ಹಸಿರು ಟ್ರಂಕು ಕೊಂಡೆವು. ಬರೆದ ಹೆಸರು ಅಳಿಸಿಹೋಗುತ್ತದೆ, ಕೊರೆದೇ ಕೊಡಬೇಕು ಎಂದಳು ಅಮ್ಮ. ಬಸಣ್ಣ ಸೋಪಿನ ಚೂರಿನಿಂದ ಅಕ್ಷರ ಗುರುತು ಮಾಡಿಕೊಂಡು, ಅದರ ಮೇಲೆ ಚೂಪಾದ ಉಕ್ಕಿನ ಕಡ್ಡಿಯನ್ನು ನಿಧಾನವಾಗಿ ಎಳೆಯತೊಡಗಿದ. ಅವಸರ ಮಾಡಿದರೆ ಬಣ್ಣ ಹಪ್ಪಳದ ಹಾಗೆ ಚಕ್ಕೆ ಏಳುತ್ತದಂತೆ. ಸರೋಜಳಿಗೆ ತಾಳ್ಮೆ ಎಲ್ಲಿಯದು?

"ಬೇಗ ಬಸಣ್ಣ, ನೀನು ಮುಗಿಸೋಷ್ಟರಲ್ಲಿ ನನ್ನ ಮದ್ವೇನೇ ಮುಗ್ದೋಗುತ್ತೆ!"

"ಸುಮ್ಕಿರವ್ವ, ಗಂಡು ಎಲ್ಲಿಗೂ ಓಡೋಗಾಕಿಲ್ಲ."

ನಕ್ಕೂ ನಕ್ಕೂ ಅವಳು ಟ್ರಂಕಿನ ಮೇಲೆ ಕೈಯೂರಿಬಿಟ್ಟಳು. ಕಡ್ಡಿ ಜಾರಿತು. ಕೊನೆಯ 'ಜ' ಓರೆಯಾಗಿ ನಿಂತದ್ದು ಆ ನಗುವಿನಿಂದ.

ಕೆಲವೇ ವರ್ಷಗಳಲ್ಲಿ ಟ್ರಂಕು ನಮ್ಮ ಮನೆಗೇ ಹಿಂದಿರುಗಿತು. ಒಳಗೆ ಪುಟ್ಟ ಫ್ರಾಕುಗಳು, ಪಕ್ಕದಲ್ಲಿ ಅವುಗಳನ್ನು ತೊಡುವ ಸರೋಜಳ ಮಗಳು ಉಷಾ. ಸರೋಜ ಕಾಮಾಲೆಯಲ್ಲಿ ಹೋಗಿಬಿಟ್ಟಿದ್ದಳು. ಅವಳ ಹೆಸರು ಹೊತ್ತ ವಸ್ತು ಅಂತ ಉಳಿದದ್ದು ಆ ಟ್ರಂಕೊಂದೇ.

ಉಷಾ ನಮ್ಮಲ್ಲೇ ಬೆಳೆದಳು. ಶುಕ್ರವಾರ ಅವಳ ತಲೆಗೆ ಎಣ್ಣೆ ಒತ್ತಿದ ಮೇಲೆ, ಬೆರಳಲ್ಲಿ ಉಳಿದ ಕೊಬ್ಬರಿ ಎಣ್ಣೆಯನ್ನು ಅಮ್ಮ ಟ್ರಂಕಿನ ಆ ಮೂರು ಅಕ್ಷರಗಳಿಗೆ ತಿಕ್ಕುತ್ತಿದ್ದಳು. "ತುಕ್ಕು ಹಿಡೀಬಾರ್ದು ಕಣೇ," ಎನ್ನುವಳು, ನಾನೇನೋ ಕೇಳಿದ ಹಾಗೆ. ನಾನು ಕೇಳುತ್ತಿರಲಿಲ್ಲ. ಸುತ್ತಲಿನ ಹಸಿರು ಮಂಕಾಗಿ ತುಕ್ಕು ಕಂಡರೂ ಹೆಸರಿಗೆ ಮಾತ್ರ ಏನೂ ಆಗಲಿಲ್ಲ.

ಉಷಾಳಿಗೆ ಹಾಸನದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಹಾಸ್ಟೆಲಿಗೆ ತರುವ ಟ್ರಂಕಿನ ಮೇಲೆ ಹುಡುಗಿಯ ಹೆಸರಿರಬೇಕೆಂದರು. ಹೊಸದು ಕೊಳ್ಳೋಣವೆಂದು ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಹಳೇದಕ್ಕೇ ಬಣ್ಣ ಹೊಡ್ಸಿ ಇವಳ ಹೆಸರು ಹಾಕ್ಸು. ಹೋದೋಳಿಗೆ ಪೆಟ್ಟಿಗೆ ಯಾಕೆ," ಎಂದು ಒಲೆಯ ಕಡೆ ತಿರುಗಿಕೊಂಡಳು. ಒಲೆ ಆಗ ಉರಿಯುತ್ತಿರಲಿಲ್ಲ.

ಬಣ್ಣಕ್ಕೆ ಕೊಟ್ಟಿದ್ದ ಟ್ರಂಕು ತರಲು ನಾನೂ ಉಷಾಳೂ ಹೋದಾಗ ಬಸಣ್ಣ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಟ್ರಂಕೆಲ್ಲ ಹೊಸ ನೀಲಿ. ನಡುವೆ, ಓರೆ 'ಜ'ದ ಸಮೇತ, ಸರೋಜ.

"ಎಲ್ಡು ಸಲ ಬಳ್ದೆ ಕಣ್ರವ್ವ. ಇಲ್ಲಿ ಮಾತ್ರ ಬಣ್ಣ ನಿಲ್ತಾ ಇಲ್ಲ, ಸರ್ಕೊಂಡೋಯ್ತದೆ. ಏನಾದ್ರೂ ಎಣ್ಣೆ ಹಚ್ಚಿದ್ರಾ?"

ಹೌದೆಂದು ತಲೆಯಾಡಿಸಿದೆ.

"ಉಪ್ಪುಕಾಗದ ಹಾಕಿ ಗಟ್ಟಿಯಾಗಿ ಉಜ್ಜುದ್ರೆ ಹೋಯ್ತದೆ. ಉಜ್ಲಾ?"

ಉಷಾ ನನ್ನ ಮುಖ ನೋಡಲಿಲ್ಲ. "ಉಜ್ಜಬೇಡ ಬಸಣ್ಣ. ಕೆಳಗೆ ಜಾಗ ಐತಲ್ಲ, ನನ್ನ ಹೆಸರು ಅಲ್ಲಿ ಹಾಕು."

"ಯಾರ ಪೆಟ್ಗೆ ಅಂತ ಹಾಸ್ಟೆಲ್‌ನೋರು ಕೇಳುದ್ರೆ?"

"ನಮ್ಮಿಬ್ಬರದ್ದು ಅಂತೀನಿ."

ಬಸಣ್ಣ ಸೋಪಿನ ಚೂರು ಹುಡುಕಿದ. ಈ ಸಲ ಅವನನ್ನು ಯಾರೂ ಅವಸರ ಮಾಡಲಿಲ್ಲ. ಅಕ್ಷರ ನೆಟ್ಟಗೆ ಬಂತು. ನನಗೆ ಅದೇ ಯಾಕೋ ಸಂಕಟವಾಯಿತು.

ಮನೆಯಲ್ಲಿ ಅಮ್ಮ ಎಣ್ಣೆ ಬಟ್ಟಲು ತಂದು ಮೇಲಿನ ಹೆಸರಿಗೆ ಎಂದಿನಂತೆ ತಿಕ್ಕಿದಳು. ಕೆಳಗಿನ ಹೆಸರಿನ ಹತ್ತಿರ ಬೆರಳು ನಿಂತಿತು.

"ಅದಕ್ಕೂ ಹಚ್ಚಮ್ಮ, ತುಕ್ಕು ಹಿಡಿದೀತು," ಎಂದೆ.

"ಹಿಡೀಲಿ ಬಿಡೇ. ಇವಳ ಹೆಸರಿಗೆ ತುಕ್ಕು ಹಿಡಿದ್ರೆ ಇವಳೇ ಹೊತ್ಕೊಂಡು ಬಂದು ಇನ್ನೊಂದ್ಸಲ ಕೊರೆಸ್ಕೋತಾಳೆ."

ಬೆರಳಲ್ಲಿ ಉಳಿದ ಎಣ್ಣೆಯನ್ನು ಉಷಾಳ ನೆತ್ತಿಗೆ ತಟ್ಟಿದಳು.