ಒಳ್ಳೆಯ ಸೊಸೆ ಹೋದಮೇಲೆ

ನನ್ನ ಕಾಯಿಲೆಯನ್ನು ಮೊದಲು ಗುರುತಿಸಿದವಳು ಕುಣಿಗಲ್ಲಿನ ಒಬ್ಬ ಹುಡುಗಿ. ಮೈದುನನಿಗೆ ಹೆಣ್ಣು ನೋಡಲು ಗುಬ್ಬಿಯಿಂದ ಹೋಗಿದ್ದೆವು. ಉಪ್ಪಿಟ್ಟು, ಕೇಸರಿಬಾತು ಆದಮೇಲೆ ನಮ್ಮ ಅತ್ತೆ ಎಲ್ಲರೆದುರು ನನ್ನ ಕಡೆ ಕೈ ತೋರಿಸಿದರು. "ನೋಡಮ್ಮ, ನಮ್ ದೊಡ್ಡ ಸೊಸೆ ಶೋಭ. ಇಷ್ಟ್ ವರ್ಷದಲ್ಲಿ ಒಂದಿನ ಎದುರ್ ಮಾತಾಡಿಲ್ಲ. ಹಿಂಗಿದ್ರೆ ಸಾಕು ನೀನು."

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಆ ಹುಡುಗಿ ಹಿಂದೆಯೇ ಬಂದಳು. "ಅಕ್ಕಾ, ನಿಮಗೆ ಹುಷಾರಿಲ್ವಾ?"

ಚೆನ್ನಾಗಿದ್ದೀನಿ ಎನ್ನಲು ಬಾಯಿ ತೆರೆದೆ. ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಆ ಸಂಬಂಧ ಕೂಡಿಬರಲಿಲ್ಲ. ಹುಡುಗಿಯೇ ಬೇಡವೆಂದಳಂತೆ. ಯಾಕೆಂದು ನನಗೆ ಮಾತ್ರ ಗೊತ್ತಿತ್ತು.

ಒಂಬತ್ತು ವರ್ಷದಿಂದ ನನಗೆ ಏನೂ ಆಗಿರಲಿಲ್ಲ. ಅದೇ ವಿಚಿತ್ರ. ಅಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಬೆಳಿಗ್ಗೆ ಅಡುಗೆ ಮಾಡಿ, ಮಗಳಿಗೆ ಜಡೆ ಹಾಕಿ, ತುಮಕೂರಿನ ಬಸ್ಸು ಹತ್ತಿ, ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ಕೆಲಸ ನೋಡಿ ವಾಪಸು ಬರುತ್ತಿದ್ದೆ. ಬರುತ್ತಿದ್ದವಳು ನಾನೇ ಎಂಬ ಖಾತ್ರಿ ಮಾತ್ರ ಇರಲಿಲ್ಲ. ನನ್ನ ಸೀರೆ ಉಟ್ಟು, ನನ್ನ ದನಿಯಲ್ಲಿ 'ಹೂಂ' ಎನ್ನುವ ಒಬ್ಬಳು ಮನೆಯಲ್ಲಿ ಓಡಾಡುತ್ತಿದ್ದಳು. ಮಗಳು ಅವಳನ್ನು ಅಮ್ಮ ಎನ್ನುತ್ತಿದ್ದಳು. ಗಂಡ ಅವಳ ಬಸ್ ಪಾಸ್ ಮಾಡಿಸಿಕೊಡುತ್ತಿದ್ದರು. ನಾನು ಸ್ವಲ್ಪ ಹಿಂದೆ ನಿಂತು ನೋಡುತ್ತಿದ್ದೆ. ನಾನಿಲ್ಲದ್ದು ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದರೆ ಹೋಗಲಿ, ಎಲ್ಲರೂ ಅವಳನ್ನು ಹೊಗಳುತ್ತಿದ್ದರು.

ಮನೆಯಲ್ಲಿ ಹೇಳದೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ತುಮಕೂರಿನ ಒಂದು ಆಸ್ಪತ್ರೆಯ ಸೈಕಿಯಾಟ್ರಿ ಒಪಿಡಿಗೆ ಹೋದೆ. ಡಾಕ್ಟರು ನನಗಿಂತ ಚಿಕ್ಕವರು.

"ಕೊನೇ ಸಲ ಯಾವಾಗ ಜೋರಾಗಿ ನಕ್ಕಿದ್ರಿ?"

ನೆನಪಾಗಲಿಲ್ಲ.

"ಸಿಟ್ಟು ಬಂದಿದ್ದು?"

ಅದೂ ನೆನಪಾಗಲಿಲ್ಲ.

ಡಿಸ್ತೀಮಿಯಾ ಎಂದರು. ಸಣ್ಣ ಮಟ್ಟದಲ್ಲೇ ವರ್ಷಗಟ್ಟಲೆ ಉಳಿಯುವ ಡಿಪ್ರೆಶನ್. ಕೆಲಸ ಕಾರ್ಯ ನಿಲ್ಲುವುದಿಲ್ಲವಾದ್ದರಿಂದ ಯಾರೂ ಆಸ್ಪತ್ರೆಗೆ ಕರೆತರುವುದಿಲ್ಲ, ರೋಗಿ ಕೂಡ ಅದನ್ನೇ ತನ್ನ ಸ್ವಭಾವವೆಂದು ನಂಬಿರುತ್ತಾರಂತೆ. ಥೈರಾಯ್ಡ್ ನಾರ್ಮಲ್ ಬಂತು. ದಿನಕ್ಕೊಂದು ಮಾತ್ರೆ, ಹದಿನೈದು ದಿನಕ್ಕೊಮ್ಮೆ ಕೌನ್ಸೆಲಿಂಗ್. "ನಿಧಾನ ಆಗುತ್ತೆ. ನೀವಾಗೇ ನಿಲ್ಲಿಸ್ಬೇಡಿ," ಎಂದರು. ಗಂಡನಿಗೆ ಹೇಳಿದೆ. "ನಿಂಗೇನಾಗಿದೆ? ಚೆನ್ನಾಗೇ ಇದೀಯಲ್ಲ," ಎಂದರು ಅವರು.

ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ಅಷ್ಟೇ. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಅತ್ತೆ, "ಇನ್ನೊಂಚೂರು ಹಾಕು," ಎಂದರು.

"ಸಾಕು ಅತ್ತೆ. ಜಾಸ್ತಿ ಹುಳಿಯಾದ್ರೆ ನಾನ್ ತಿನ್ನಲ್ಲ."

ಯಾರು ಮಾತಾಡಿದ್ದೆಂದು ನಾನೂ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಆಮೇಲೆ ಕಂಡಕ್ಟರ್ ಜತೆ ಜಗಳವಾಡಿದೆ. ಮಗಳ ಜತೆ ಕುಂಟಾಬಿಲ್ಲೆ ಆಡಿ, ಬಿದ್ದು, ಬಿದ್ದಲ್ಲೇ ನಕ್ಕೆ. ಕಾರಣವಿಲ್ಲದೆ ಅಳುವೂ ಬಂತು. ಅತ್ತೆ ನಾನಿರುವ ಕೋಣೆಗೆ ಒಬ್ಬರೇ ಬರುವುದನ್ನು ಬಿಟ್ಟರು. ಮೊಮ್ಮಗಳನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು. ಮಗನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಇದು ನಮ್ ಶೋಭ ಅಲ್ಲ ಕಣೋ. ಯಾರೋ ಮೈಮೇಲೆ ಬಂದವ್ರೆ. ಆ ಮಾತ್ರೆ ಬುಡ್ಸು."

ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮರುದಿನ ಮಾತ್ರೆ ಇಟ್ಟಲ್ಲಿ ಇರಲಿಲ್ಲ.

ಆ ದಿನ ನನಗಾದ ಹೆದರಿಕೆಯನ್ನು ಹೇಗೆ ಹೇಳಲಿ. ಮಾತ್ರೆ ನಿಂತರೆ ಆ 'ಹೂಂ' ಎನ್ನುವವಳು ವಾಪಸು ಬರುತ್ತಾಳೆ. ಎಲ್ಲರೂ ಖುಷಿಯಿಂದ ಅವಳನ್ನು ಒಳಗೆ ಕರೆದುಕೊಳ್ಳುತ್ತಾರೆ.

ಸೋಮವಾರ ಪೂಜೆ ಮುಗಿಸಿ ಅತ್ತೆ ನನ್ನನ್ನು ದೇವರಮನೆಯ ಮುಂದೆ ಕೂರಿಸಿದರು. ಮೈಮೇಲೆ ಬಂದವರನ್ನು ಹೀಗೆ ಕೂರಿಸಿ, ವಿಭೂತಿ ಹಿಡಿದು, ಹೆಸರು ಕೇಳುವುದು ಹಾಗಲವಾಡಿಯ ಅವರ ತವರುಮನೆಯ ರೂಢಿ.

"ಯಾರು ನೀನು? ಯಾವಾಗ ಬಂದೆ ಈ ಮನೆಗೆ?"

"ಶೋಭ. ಮದ್ವೆಯಾಗಿ ಬಂದೆ. ಮೊದಲ್ನೇ ಗೌರಿ ಹಬ್ಬಕ್ಕೆ ನೀವು ತಂದ ಸೀರೆ ಬೇಡ ಅಂತ ಹಟ ಮಾಡಿ, ಅಂಗಡಿಗೆ ನಿಮ್ಮನ್ನೇ ವಾಪಸ್ ಎಳ್ಕೊಂಡು ಹೋಗಿದ್ನಲ್ಲ ಅತ್ತೆ, ಅವ್ಳು. ಆಮೇಲೆ ಇದ್ದೋಳು ನಾನಲ್ಲ."

ಅತ್ತೆ ನನ್ನ ಹಣೆಯ ಮೇಲಿನ ಕೂದಲು ಹಿಂದೆ ಸರಿಸಿದರು. ವಿಭೂತಿಯನ್ನು ಹಣೆಗೆ ಹಚ್ಚಿದರು. ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಸ್ಟ್ರಿಪ್ ಕೈಗಿಟ್ಟರು.

"ಆ ಸೀರೆಗೆ ಹಟ ಮಾಡಿದೋಳು ಬಾಯಿಬಡ್ಕಿ ಕಣೇ. ಅವ್ಳ ಜತೆ ಏಗೋಕೆ ನಂಗೀಗ ಶಕ್ತಿ ಇಲ್ಲ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮಾತ್ರೆ ಶುರುಮಾಡಿ ಈಗ ಏಳನೇ ತಿಂಗಳು. ಕೆಲವು ದಿನ ಬಸ್ಸಿನ ಗಾಜಿನಲ್ಲಿ ಆ ಒಳ್ಳೆಯ ಸೊಸೆ ಕೂತಿರುತ್ತಾಳೆ, ನನ್ನದೇ ಸೀರೆಯಲ್ಲಿ. ಆಗ ಅತ್ತೆಗೆ ಫೋನ್ ಮಾಡಿ ಏನಾದರೊಂದು ತಕರಾರು ತೆಗೆಯುತ್ತೇನೆ. ಅವರೂ ಬಿಟ್ಟುಕೊಡುವುದಿಲ್ಲ.