ನಾನು ಆಡದ ಮಾತು

ತಂಗಿಯ ಗಂಡ ಸಾಯುವ ಸ್ಥಿತಿಯಲ್ಲಿದ್ದಾಗ ಅವಳು ಮಾಡಿದ ಫೋನನ್ನು ನಾನು ಒಂದು ಮಾತೂ ಆಡದೆ ಇಟ್ಟುಬಿಟ್ಟೆ. ಯಾರ ದನಿ ಎಂದು ತಿಳಿಯದೆ ಇಟ್ಟದ್ದಲ್ಲ, ತಿಳಿದೇ ಇಟ್ಟೆ. ಕಷ್ಟದಲ್ಲಿದ್ದ ಜನ ಫೋನು ಮಾಡಿದರೆ ಎತ್ತಿ ಮಾತಾಡುವುದೇ ನನ್ನ ಕೆಲಸವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ನೀವೂ ಉಳಿದವರ ಹಾಗೆ ನನ್ನನ್ನು ಹೊಗಳಿಬಿಡುತ್ತೀರಿ. ಆ ಹೊಗಳಿಕೆ ಕೇಳಿ ಕೇಳಿ ನನಗೆ ಮೈಯುರಿ ಹತ್ತಿದೆ.

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಹಲ್ಲಿ ಲೊಚಗುಟ್ಟಿತೆಂದು ಅಮ್ಮ ಹೊರಟವಳು ನಿಂತರೆ, ಹಲ್ಲಿಗೆ ಬೇರೆ ಕೆಲಸವಿಲ್ಲವಾ ಎಂದು ನಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪಿದ್ದರೆ ಅದು ನನ್ನ ಉಳಿದ ತಪ್ಪುಗಳ ಮುಂದೆ ದೊಡ್ಡದಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರರಲ್ಲಿ ಯಾವ ಪೇಟೆಯ ಪಂಚಾಯ್ತಿಯಲ್ಲಿ ನಾನಿದ್ದೆ ಎಂದು ಬರೆಯುವುದಿಲ್ಲ. ನನ್ನ ತಪ್ಪು ಆ ಕಚೇರಿಯವರ ತಲೆಗೆ ಬರಬಾರದು. ಆಗಿನ್ನೂ 108 ಗಾಡಿ ಬಂದಿರಲಿಲ್ಲ. ಮೊಬೈಲು ಪೇಟೆಯ ಕೊನೆಯ ಅಂಗಡಿ ದಾಟಿದರೆ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಪಂಚಾಯ್ತಿಯವರು ಒಂದು ಜೀಪನ್ನು ಆಂಬ್ಯುಲೆನ್ಸ್ ಮಾಡಿ, ಅದರಲ್ಲೊಂದು ವೈರ್‌ಲೆಸ್ ಇಟ್ಟು, ಕಚೇರಿಯ ಹಿಂದಿನ ಕೋಣೆಯಲ್ಲಿ ಇನ್ನೊಂದು ವೈರ್‌ಲೆಸ್ಸನ್ನೂ ಒಂದು ಫೋನನ್ನೂ ಇಟ್ಟಿದ್ದರು. ಹಗಲು ಪಾಳಿಗೆ ದಿನಗೂಲಿಯ ಮೇಲೆ ನಾನು. ಜೊತೆಗೆ ಅಟೆಂಡರ್ ಸಿದ್ಧಣ್ಣ. ಫೋನು ಬಂದರೆ ಯಾರು, ಎಲ್ಲಿ, ಏನಾಗಿದೆ, ಯಾವ ದಾರಿ ಎಂದು ಕೇಳಬೇಕು. ಅದನ್ನು ವೈರ್‌ಲೆಸ್ಸಿನಲ್ಲಿ ಡ್ರೈವರ್ ಲೋಕೇಶನಿಗೆ ಹೇಳಬೇಕು. ಗಂಟೆ ನೋಡಿ ರಿಜಿಸ್ಟರಿಗೆ ಬರೆಯಬೇಕು. ದಾರಿ ಕೇಳುವುದೇ ಕಷ್ಟದ ಕೆಲಸ. ನಮ್ಮ ಕಡೆ ಮನೆಗಳಿಗೆ ನಂಬರಿಲ್ಲ. ಗಾಬರಿಯಲ್ಲಿದ್ದವರು "ಅದೇ, ನಮ್ಮ ಭಾವನ ಮನೆ ಮೇಲೆ" ಎನ್ನುತ್ತಾರೆ. ಯಾರ ಭಾವ, ಎಷ್ಟು ಮೇಲೆ ಎಂದು ಸಮಾಧಾನದಿಂದ ಕೇಳಬೇಕು. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಹೆಮ್ಮೆಯೂ ಇತ್ತು.

ಆ ಹೆಮ್ಮೆಗೊಂದು ಹಿಂದಿನ ಕಥೆಯಿದೆ. ಅಮ್ಮ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟೆ. ತಂಗಿ ಸುಮಿತ್ರ ಓದಿದಳು, ಪಿಯುಸಿ ಮುಗಿಸಿದಳು. ಬಸರೀಕಟ್ಟೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಮಂಜಪ್ಪನವರಿಗೆ ಅವಳನ್ನು ಕೊಡುವುದೆಂದಾಯಿತು. ಗಂಡಿನ ಕಡೆಯವರು ಕೂತಿದ್ದಾಗ ಯಾರೋ ಲಗ್ನಪತ್ರಿಕೆಯ ಕರಡನ್ನು ನನ್ನ ಕೈಗೆ ಕೊಟ್ಟು ಓದಲು ಹೇಳಿದರು. ಸುಮಿ ನಗುತ್ತಾ, "ಅಕ್ಕನ ಕೈಲಿ ಓದಿಸ್ಬೇಡಿ ಮಾರಾಯ್ರೆ, ಮುಹೂರ್ತ ಮೀರಿ ಹೋಗ್ತದೆ" ಎಂದಳು. ಎಲ್ಲರೂ ನಕ್ಕರು. ಮಂಜಪ್ಪನವರೂ ನಕ್ಕರು. ನಾನೂ ನಕ್ಕಂತೆ ಮಾಡಿ ಕಾಫಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದೆ. ಅವತ್ತಿನಿಂದ ಅವಳೊಡನೆ ಮಾತು ಬಿಟ್ಟೆ.

ಮಾತು ಬಿಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಆದರೆ ನೇರ ಮಾತಿಲ್ಲ. ನೀರು ಬೇಕಾದರೆ ಪಕ್ಕದವರಿಗೆ, "ಅವರ ಹತ್ರ ತಂಬಿಗೆ ಇದೆಯಾಂತ ಕೇಳಿ" ಎನ್ನಬೇಕು. ಮೊದಲು ಬಾಯಿ ಬಿಟ್ಟವರು ಸೋತಂತೆ. ಹೀಗೆ ಹದಿನೈದು ವರ್ಷ ಎಳೆದವರು ನಮ್ಮ ನೆಂಟರಲ್ಲೇ ಇದ್ದಾರೆ. ನಾನು ಎಳೆದದ್ದು ಐದು ವರ್ಷ. ಅವಳ ಎಸ್ಟೇಟಿನ ಮನೆಯ ಹೊಸಿಲನ್ನು ಒಂದು ಸಲವೂ ತುಳಿದಿರಲಿಲ್ಲ. ಬಸರೀಕಟ್ಟೆಯಿಂದಾಚೆ ಅದಕ್ಕೆ ಯಾವ ದಾರಿ ಎನ್ನುವುದೂ ನನಗೆ ಗೊತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಬೇಸಿಗೆಯ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಆಸುಪಾಸು. ಫೋನು ಬಡಿಯಿತು. ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಲಿಂದ ಕೂಗು. "ಆಂಬ್ಯುಲೆನ್ಸಾ? ಮರಗಸಿ ಮಾಡಿಸ್ತಿದ್ರು, ಹೆಜ್ಜೇನು ಎದ್ದುಬಿಟ್ಟಿದೆ. ನಮ್ಮ ಮನೆಯವ್ರಿಗೆ ಮೈತುಂಬ ಕಚ್ಚಿದೆ, ಬಿದ್ದುಬಿಟ್ಟಿದಾರೆ. ಹಲೋ! ಯಾರಾದ್ರೂ ಮಾತಾಡ್ರೀ!" ಮರಗಸಿ ಎಂದರೆ ಕಾಫಿ ಗಿಡಗಳ ಮೇಲಿನ ನೆರಳುಮರಗಳ ಕೊಂಬೆ ಕಡಿಸುವುದು. ಯಾವುದೋ ಕೊಂಬೆ ಬಿದ್ದು ಜೇನುಹುಟ್ಟಿಗೆ ತಗುಲಿರಬೇಕು. ಅದು ಸುಮಿಯ ದನಿ.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಮಂಜಪ್ಪನವರು ಸಾಯಬಹುದು ಎಂದು ಬರಲಿಲ್ಲ. ನಾನು ಹಲೋ ಎಂದರೆ ದನಿ ಗೊತ್ತಾಗುತ್ತದೆ, ಆಗ ಮೊದಲು ಮಾತಾಡಿದವಳು ನಾನಾಗುತ್ತೇನೆ ಎಂದು ಬಂತು. ಅವಳು 'ಅಕ್ಕಾ' ಎನ್ನಲಿ ಎಂದು ಕಾದೆ. ಫೋನಿನಲ್ಲಿ ನಾನಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದೂ ಹೊಳೆಯಲಿಲ್ಲ. ಸಿದ್ಧಣ್ಣ ಎದುರಿಗೇ ಕೂತು ಲಕೋಟೆಗಳಿಗೆ ಗೋಂದು ಹಚ್ಚುತ್ತಿದ್ದರು. ಕೈ ಚಾಚಿ ಅವರಿಗೆ ಕೊಟ್ಟಿದ್ದರೂ ಆಗುತ್ತಿತ್ತು. ಕೊಡಲಿಲ್ಲ. ಅವಳು ಇನ್ನೊಂದು ಸಲ ಹಲೋ ಎಂದಳು. ಫೋನು ಇಟ್ಟೆ.

ಮತ್ತೆ ಮಾಡುತ್ತಾಳೆ, ಆಗ ಸಿದ್ಧಣ್ಣ ಎತ್ತಲಿ ಎಂದು ನನಗೆ ನಾನೇ ಹೇಳಿಕೊಂಡು, ಕೊಡ ಹಿಡಿದು ಹೊರಗಿನ ನಲ್ಲಿಗೆ ಹೋದೆ. ಸಣ್ಣಗೆ ಬರುತ್ತಿದ್ದ ನೀರಿನಲ್ಲಿ ಕೊಡ ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ಫೋನು ಬಡಿಯಲಿಲ್ಲ. ಮುಖ ತೊಳೆದೆ. ಬಡಿಯಲಿಲ್ಲ. ಒಳಗೆ ಓಡಿ ಬಂದು ಲೋಕೇಶನನ್ನು ಕರೆಯಬೇಕೆಂದು ಮೈಕಿಗೆ ಕೈಹಾಕಿದೆ. ಬಸರೀಕಟ್ಟೆಯಿಂದ ಎತ್ತ ಹೋಗು ಎಂದು ಹೇಳಲಿ? ದಾರಿ ಕೇಳಿರಲಿಲ್ಲವಲ್ಲ. ಹಾಗೇ ಮೈಕು ಹಿಡಿದು ನಿಂತಿದ್ದಾಗ ವೈರ್‌ಲೆಸ್ಸು ತಾನಾಗಿ ಗರಗರ ಎಂದಿತು.

"ಅಕ್ಕಾ, ನೀವ್ ಹೇಳಿದ ಜಾಗ ತಲುಪಿ, ಪೇಶೆಂಟನ್ನ ಹಾಕ್ಕೊಂಡೆ. ರೈಟರ್ ಉಸಿರಾಡ್ತಿದಾರೆ. ಆಸ್ಪತ್ರೆಗೆ ಹೊರಟೆ, ಟೈಮ್ ಬರ್ಕೊಳ್ಳಿ."

"ಯಾವ ಜಾಗ?" ಎಂದೆ.

"ಎಂತ ಅಕ್ಕಾ, ತಮಾಷೆಯಾ? ಈಗ ನೀವೇ ಕಳ್ಸಿದ್ದಲ್ವಾ? ಹಳೇ ಗೇಟಿನ ದಾರಿ ಅಂತ ನೀವ್ ಹೇಳದಿದ್ರೆ ನಾನು ಇಷ್ಟೊತ್ತಿಗೆ ಹೊಸ ರಸ್ತೆ ಕೆಲ್ಸದಲ್ಲಿ ಸಿಕ್ಕಿಬೀಳ್ತಿದ್ದೆ. ಕಂಬ್ಳಿ ಹೊದ್ಕೊಂಡು ಹೋಗು ಅಂದಿದ್ದೂ ಒಳ್ಳೇದಾಯ್ತು, ಇಲ್ದಿದ್ರೆ ನನ್ನನ್ನೂ ಹಿಂದೆ ಮಲಗ್ಸಬೇಕಿತ್ತು."

ಅವನು ಆಗ ಬೇರೊಬ್ಬ ರೋಗಿಯನ್ನು ಮನೆಗೆ ಬಿಟ್ಟು ಬಸರೀಕಟ್ಟೆಯ ಚಹಾದಂಗಡಿಯ ಎದುರು ಜೀಪು ನಿಲ್ಲಿಸಿದ್ದನಂತೆ. ಎಸ್ಟೇಟು ಅಲ್ಲಿಂದ ಹತ್ತೇ ನಿಮಿಷ. ಕಂಬಳಿ ಚಹಾದಂಗಡಿಯವನದು.

ಆಮೇಲೆ ನಾನು ಎರಡನೇ ತಪ್ಪು ಮಾಡಿದೆ. ರಿಜಿಸ್ಟರು ತೆರೆದು, ನನ್ನ ದುಂಡನೆಯ ಅಕ್ಷರದಲ್ಲಿ, ಕರೆ ಬಂತು, ದಾರಿ ಕೇಳಿಕೊಂಡೆ, ಗಾಡಿ ಕಳಿಸಿದೆ ಎಂದು ಬರೆದೆ. ಕೈ ನಡುಗಲೇ ಇಲ್ಲ. ಅದು ನೆನಪಾದರೆ ಆ ಕೈಯ ಮೇಲೆ ಈಗಲೂ ಸಿಟ್ಟು ಬರುತ್ತದೆ. ಸಿದ್ಧಣ್ಣ ನೋಡುತ್ತಿದ್ದರು. ಸಂಜೆ ಬೀಗ ಹಾಕುವಾಗ ಮೆಲ್ಲಗೆ ಹೇಳಿದರು: "ಗಾಡಿ ಕಳ್ಸೋಕೆ ನೀ ಬಾಯಿ ಬಿಡ್ಲಿಲ್ಲ ಮಾರಾಯ್ತಿ. ಫೋನಲ್ಲೂ ಇಲ್ಲ, ಮೈಕಲ್ಲೂ ಇಲ್ಲ. ನಾ ಇಲ್ಲೇ ಕೂತಿದ್ದೆ." ನಾನು ಬೀಗ ಎಳೆದು ನೋಡಿ ಕೀಲಿ ಅವರ ಕೈಗೆ ಕೊಟ್ಟೆ. ಅವರು ಯಾರಿಗೂ ಹೇಳಲಿಲ್ಲ. ಎರಡು ವರ್ಷಕ್ಕೆ ನಿವೃತ್ತರಾಗಿ, ಸ್ವಲ್ಪ ದಿನದಲ್ಲೇ ತೀರಿಕೊಂಡರು. ಇದ್ದ ಒಬ್ಬ ಸಾಕ್ಷಿಯೂ ಹೋದರು.

ಮಂಜಪ್ಪನವರು ಬದುಕಿಕೊಂಡರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಮಾರನೇ ದಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲೇ ಸುಮಿ ಬಂದು ನನ್ನನ್ನು ತಬ್ಬಿಕೊಂಡಳು. "ಅಕ್ಕಾ, ನೀನೇ ಮೊದ್ಲು ಮಾತಾಡ್ಬಿಟ್ಟೆ" ಎಂದು ಅಳುತ್ತಾ ನಕ್ಕಳು. ಅವಳ ಪ್ರಕಾರ ಮೊದಲು ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದಿರಲಿಲ್ಲವಂತೆ. ಆಮೇಲೆ, "ಸುಮಿ, ನಾನು ಅಕ್ಕ. ಅಳಬೇಡ. ಯಾವ ದಾರೀಲಿ ಬರಬೇಕು ಹೇಳು" ಎಂದು ನಾನು ಕೇಳಿದೆನಂತೆ. ಹಳೇ ಗೇಟಿನ ದಾರಿ ಅವಳೇ ಹೇಳಿದಳಂತೆ. ಗಾಡಿ ಬರುವವರೆಗೆ ಅವರ ಮೈಮೇಲೆ ಗೋಣಿ ಹೊದಿಸು, ಮುಖದಲ್ಲಿರುವ ಮುಳ್ಳುಗಳನ್ನು ಉಗುರಿನಿಂದ ಕೆರೆದು ತೆಗೆ ಎಂದೆನಂತೆ. ಅಂದರೆ ನಾನು ಇಟ್ಟ ಫೋನಿನಲ್ಲಿ, ನಾನು ನಲ್ಲಿಯ ಹತ್ತಿರ ನಿಂತಿದ್ದಾಗ, ಪೂರ್ತಿ ಒಂದು ಮಾತುಕತೆ ನಡೆದಿದೆ. ಎಲ್ಲವನ್ನೂ ಸರಿಯಾಗಿ ಕೇಳಲಾಗಿದೆ. ಎಲ್ಲವನ್ನೂ ಸರಿಯಾಗಿ ಹೇಳಲಾಗಿದೆ. ನಾನು ಮಾತ್ರ ಅದರಲ್ಲಿರಲಿಲ್ಲ.

ನಾನು ಆಗಲೇ ನಿಜ ಹೇಳಬೇಕಿತ್ತು. ಐದು ವರ್ಷದ ಮೇಲೆ ತಂಗಿಯ ಕೈ ನನ್ನ ಬೆನ್ನ ಮೇಲಿತ್ತು. ಹೇಳಲಿಲ್ಲ.

ಪಂಚಾಯ್ತಿಯವರು ಸಭೆ ಮಾಡಿ ನನಗೆ ಶಾಲು ಹೊದಿಸಿದರು. ಸ್ವಂತ ತಂಗಿಯ ಗಂಡ ಎಂದು ಗೊತ್ತಿದ್ದೂ ಧೈರ್ಯಗೆಡದೆ ಕರ್ತವ್ಯ ಮಾಡಿದಳು ಎಂದು ಅಧ್ಯಕ್ಷರು ಭಾಷಣ ಮಾಡಿದರು. ಲೋಕೇಶ ಶಿಳ್ಳೆ ಹೊಡೆದ. ನಾನು ಕೈಮುಗಿದೆ. ಎಂಥ ನಾಚಿಕೆಗೇಡಿ ಇದ್ದಿರಬೇಕು ನಾನು!

ಕಾರಣ ಹುಡುಕಲಿಲ್ಲವೆಂದಲ್ಲ. ಫೋನು ಸರಿಯಾಗಿ ಕೂತಿರಲಿಕ್ಕಿಲ್ಲ, ಸಿದ್ಧಣ್ಣ ಮಾತಾಡಿರಬಹುದು ಎಂದುಕೊಂಡೆ. ಸಿದ್ಧಣ್ಣನ ದನಿ ಗಂಡಸಿನ ದನಿ, ಅದೂ ಒಡಕು. ಟೆಲಿಫೋನಿನವರನ್ನು ವಿಚಾರಿಸಿದೆ. ಒಂದು ಕಡೆ ಇಟ್ಟರೂ ಕೆಲವು ಸಲ ಲೈನು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತದೆ, ಆದರೆ ಇಟ್ಟ ಫೋನಿನಿಂದ ದನಿ ಹೋಗುವುದಿಲ್ಲ ಎಂದರು. ಡಾಕ್ಟರೊಬ್ಬರಿಗೆ ಬೇರೆಯವರ ಕಥೆಯೆಂದು ಹೇಳಿದೆ. ಗಾಬರಿಯಲ್ಲಿ ಅವರೇ ಮಾತಾಡಿ ಮರೆತಿರುತ್ತಾರೆ ಎಂದರು. ಮರೆತಿದ್ದರೆ ನನ್ನಷ್ಟು ಸಂತೋಷಪಡುವವರು ಇರಲಿಲ್ಲ. ಆದರೆ ಫೋನಿಟ್ಟಾಗ ಅದು ಕಟ್ ಎಂದ ಸದ್ದು ನನಗೆ ನೆನಪಿದೆ. ನಲ್ಲಿಯ ನೀರು ಬಿಸಿಯಾಗಿದ್ದುದೂ ನೆನಪಿದೆ.

ದೇವರು ನಿನ್ನ ದನಿಯಲ್ಲಿ ಮಾತಾಡಿದ ಎಂದು ನೀವು ಹೇಳಬಹುದು. ದಯವಿಟ್ಟು ಹೇಳಬೇಡಿ, ನನಗೆ ಕೋಪ ಬರುತ್ತದೆ. ಅಷ್ಟು ಬಲವಿದ್ದವನು ಜೇನು ಏಳದಂತೆಯೇ ಮಾಡಬಹುದಿತ್ತು. ನನ್ನ ಬಾಯನ್ನೇ ತೆರೆಸಬಹುದಿತ್ತು. ಅದನ್ನು ಬಿಟ್ಟು ಬೇರೆ ಯಾರಿಂದಲೋ ಮಾತಾಡಿಸಿ, ಶಾಲು ನನಗೆ ಹೊದಿಸುವುದು ಯಾವ ನ್ಯಾಯ? ಆ ದನಿಯ ಮೇಲೂ ನನಗೆ ಕೋಪವಿದೆ. ಯಾರೇ ಇರಲಿ, ಅವಳು ನನಗಿಂತ ಒಳ್ಳೆಯವಳು. ಸುಮಿ ಪ್ರೀತಿಸುವುದು ಅವಳನ್ನು. ವರ್ಷಕ್ಕೊಮ್ಮೆ ಸೀರೆ ಉಡಿಸುವುದು ಅವಳಿಗೆ. ನಾನು ಅವಳಿಗೆ ಹಾಕಿದ ಎಲೆಯ ಮುಂದೆ ಕೂತು ಉಂಡು ಬರುತ್ತಿದ್ದೆ.

ಕೆಲವು ವರ್ಷಗಳಾದ ಮೇಲೆ 108 ಬಂತು. ನಮ್ಮ ಕೋಣೆ ಮುಚ್ಚಿದರು. ರಿಜಿಸ್ಟರುಗಳನ್ನು ಮೂಟೆ ಕಟ್ಟಿ ಎಲ್ಲೋ ಸಾಗಿಸಿದರು. ಕೆಲಸ ಹೋದದ್ದು ತಿಳಿದು ಸುಮಿ ನನ್ನನ್ನು ನಾಲ್ಕು ದಿನ ಇದ್ದು ಹೋಗೆಂದು ಎಸ್ಟೇಟಿಗೆ ಕರೆಸಿಕೊಂಡಳು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದಿದ್ದರು. ಸುಮಿ ಅಡುಗೆಮನೆಯಲ್ಲಿ ಹಲಸಿನಕಾಯಿ ಬಿಡಿಸುತ್ತಾ ಅವರಿಗೆ ಅದೇ ಕಥೆ ಶುರುಮಾಡಿದಳು. ಕಥೆ ಆ ಹೊತ್ತಿಗೆ ಚೆನ್ನಾಗಿ ಬೆಳೆದಿತ್ತು. "ನಾನು ಮಾತಾಡಿ ಅವಳನ್ನ ನೋಯಿಸಿದ್ದೆ. ಅವಳು ಮಾತಾಡಿ ನಮ್ಮನ್ನ ಉಳಿಸಿದ್ಲು. ಅಷ್ಟು ದೊಡ್ಡ ಮನಸ್ಸು ನಮ್ಮಕ್ಕಂದು" ಎಂದಳು. ಮಂಜಪ್ಪನವರು ಜಗುಲಿಯಿಂದ, "ನಿಮ್ಮಕ್ಕ ಓದಿದ್ದು ಏಳೇ ಆದ್ರೂ ನಿನ್ನ ಪಿಯುಸಿಗಿಂತ ಮೇಲು ಮಾರಾಯ್ತಿ" ಎಂದು ಕೂಗಿದರು.

ಎಲ್ಲರೂ ನಕ್ಕರು. ಈ ಸಲ ನನ್ನ ಪರವಾಗಿ. ನನಗೆ ತಡೆಯಲಾರದ ಸಿಟ್ಟು ಬಂತು. ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. "ಸಾಕು ನಿಲ್ಸು" ಎಂದು ಕಿರುಚಿದೆ. ಪಕ್ಕದ ಮನೆಯಾಕೆ ಹೆದರಿ ಎದ್ದು ಹೋದರು. ಸುಮಿ ಹಲಸಿನ ಮೇಣ ಅಂಟಿದ ಕೈಗಳನ್ನು ಮೇಲೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಎಂತ ಆಯ್ತು ಅಕ್ಕಾ?" ಎಂದಳು.

ನಾನು ಅವಳ ಎದುರು ಕೂತೆ. ಆ ಮಧ್ಯಾಹ್ನ ಮಾತಾಡಿದವಳು ನಾನೇ. ನನ್ನದೇ ದನಿ, ನನ್ನದೇ ಬಾಯಿ.

"ಸುಮಿ, ಅವತ್ತು ನಿನ್ನ ಹತ್ರ ಮಾತಾಡಿದ್ದು ನಾನಲ್ಲ. ಯಾರು ಅಂತ ನಂಗೊತ್ತಿಲ್ಲ. ನಾನು ಫೋನ್ ಇಟ್ಟಿದ್ದೆ. ನೀನೇ ಅಂತ ಗೊತ್ತಿತ್ತು, ಅವ್ರು ಬಿದ್ದಿದಾರೆ ಅಂತ ಕೇಳಿಸ್ತು, ಆದ್ರೂ ಇಟ್ಟೆ. ಆಮೇಲೆ ಇಷ್ಟು ವರ್ಷ ನಿನ್ನ ಮನೆ ಅನ್ನ ಉಂಡೆ. ನನ್ನಿಂದ ತಪ್ಪಾಯ್ತು ಸುಮಿ."