ಚೋಖಾದ ತೋಳುಗಳು

ಗಿವಿ ಅಂಕಲ್ ಅವರ ಕೋಟಿನ ತೋಳುಗಳನ್ನು ನುಸಿ ತಿಂದಿರಲಿಲ್ಲ. ನಾನೇ ಕತ್ತರಿಸಿದ್ದೆ. ಕತ್ತರಿಸಿ, ತಪ್ಪನ್ನು ನುಸಿಯ ಮೇಲೆ ಹಾಕಿದೆ — ಆ ತಪ್ಪು ಕೊನೆಗೆ, ತೀರಿಕೊಂಡಿದ್ದ ಒಬ್ಬ ಹೆಂಗಸಿನ ಮೇಲೆ ಹೋಗಿ ಕೂತಿತು. ಏಳು ವರ್ಷವಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಾವಣಗೆರೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ಕಾಜಾ ಹಾಕುತ್ತ ಹೊಲಿಗೆ ಕಲಿತೆ. ಹೆಂಡತಿ ಗಿರಿಜಾ ನರ್ಸ್. ಅವಳ ವೀಸಾದ ಮೇಲೆ ಬಂದವನು ಎಂದು ಯಾರೂ ಆಡಿಕೊಳ್ಳಬಾರದೆಂದೇ ವೆರಿಬೀ ಎಂಬ ಈ ಪರದೇಶದ ಊರಿನಲ್ಲಿ ಸ್ವಂತ ಆಲ್ಟರೇಷನ್ ಅಂಗಡಿ ತೆರೆದೆ. ಬಟ್ಟೆಯ ವಿಷಯದಲ್ಲಿ ಯಾರನ್ನೂ ಏನನ್ನೂ ಕೇಳಿದವನಲ್ಲ.

ಗಿವಿ ಅಂಕಲ್ ಪಕ್ಕದ ಬೀದಿಯವರು, ಜಾರ್ಜಿಯಾ ದೇಶದವರು. ಅವರ ತಂದೆ ತೊಡುತ್ತಿದ್ದ ಕೋಟು ತಂದರು. ಅದಕ್ಕೆ ಚೋಖಾ ಎನ್ನುತ್ತಾರಂತೆ. ಸಿಡ್ನಿಯಲ್ಲಿ ಮೊಮ್ಮಗನ ಮದುವೆ, ಅವನಿಗೆ ಸೊಂಟದ ಬಳಿ ಸ್ವಲ್ಪ ಸಡಿಲ ಮಾಡಬೇಕು — ಹೇಳಿದ್ದು ಅಷ್ಟೇ.

ಕಪ್ಪು ಉಣ್ಣೆ. ಎದೆಯ ಎರಡೂ ಕಡೆ ಬೆರಳುಗಾತ್ರದ ಜೇಬುಗಳ ಸಾಲು, ಹಿಂದಿನ ಕಾಲದಲ್ಲಿ ಅವುಗಳಲ್ಲಿ ಬಂದೂಕಿನ ತೋಟಾ ಇಡುತ್ತಿದ್ದರಂತೆ. ಸೊಂಟದಲ್ಲಿ ಬಿಗಿದು, ಕೆಳಗೆ ಕೊಡೆಯಂತೆ ಅರಳುವ ನೆರಿಗೆ. ಅಂಗಡಿಯ ಬಾಗಿಲು ತೆರೆದಾಗಲೆಲ್ಲ ಅದು ಮೆಲ್ಲಗೆ ತೂಗುತ್ತಿತ್ತು — ಒಳಗೆ ಯಾರೋ ನಿಂತು ಉಸಿರಾಡುತ್ತಿರುವ ಹಾಗೆ. ತೋಳು ಮಾತ್ರ ಬೆರಳುಗಳನ್ನೂ ದಾಟಿ ಇಳಿಬಿದ್ದಿತ್ತು, ಒಳಬದಿಯ ಹೊಲಿಗೆ ಮೊಣಕೈತನಕ ಬಿಚ್ಚಿಕೊಂಡಿತ್ತು. ಯಾರೋ ಅರ್ಧಕ್ಕೆ ಬಿಟ್ಟ ಕೆಲಸ ಎಂದುಕೊಂಡೆ.

ಊಟ ತಂದ ಗಿರಿಜಾ ಅದನ್ನು ಮುಟ್ಟಿ ನೋಡಿದಳು. “ರೀ, ಅದು ಇರೋದೇ ಹಂಗೇನೋ. ಒಂದ್ ಫೋನ್ ಮಾಡಿ ಕೇಳಿದ್ರೆ ನಿಮ್ ಗಂಟೇನ್ ಹೋಗುತ್ತೆ?”

“ನೀನು ಇಂಜೆಕ್ಷನ್ ಚುಚ್ಚೋವಾಗ ನಾನ್ ಬಂದು ಹೇಳ್ಕೊಡ್ತೀನಾ?” ಎಂದೆ.

ಮಣಿಕಟ್ಟಿಗೆ ಸರಿಯಾಗಿ ಕತ್ತರಿಸಿದೆ. ಸೀಳನ್ನು ಮುಚ್ಚಿ ಹೊಲಿದೆ. ಎಷ್ಟು ಚೆಂದದ ಹೊಲಿಗೆ! ಅಂಕಲ್ ಖುಷಿಪಡುತ್ತಾರೆ ಎಂದೇ... ಇರಲಿ, ಅದನ್ನು ಹೇಳುವುದೂ ನೆಪವೇ.

ಅವರು ಬಂದು ಕೋಟಿನ ತೋಳುಗಳ ತುದಿ ಮುಟ್ಟಿ ನೋಡಿದರು. ಆಮೇಲೆ ತಮ್ಮ ಒಡಕು ಇಂಗ್ಲಿಷಿನಲ್ಲಿ ಕೇಳಿದರು: “ಇದರ ರೆಕ್ಕೆ ಎಲ್ಲಿ?”

ಆ ತೋಳು ಇರಬೇಕಾದದ್ದೇ ಹಾಗೆ ಎಂದು ಆ ಕ್ಷಣವೇ ನನಗೆ ತಿಳಿಯಿತು. ಗೊತ್ತಾಗದೆ ಕತ್ತರಿಸಿದೆ ಎನ್ನಬಹುದಿತ್ತು.

“ನುಸಿ, ಅಂಕಲ್. ತುದಿಯೆಲ್ಲ ತೂತು. ಕತ್ತರಿಸದೆ ದಾರಿಯೇ ಇರಲಿಲ್ಲ.”

ಅವರು ಸ್ಟೂಲಿನ ಮೇಲೆ ಕೂತರು. “ನನ್ನ ಹೆಂಡತಿ ತಮಾರಾ ಪ್ರತಿ ವರ್ಷ ಇದರ ಮಡಿಕೆಯಲ್ಲಿ ಒಣಗಿದ ಎಲೆ ಬದಲಾಯಿಸುತ್ತಿದ್ದಳು, ನುಸಿ ಬಾರದಿರಲೆಂದು. ಕೊನೆಯ ವರ್ಷಗಳಲ್ಲಿ... ಮರೆತಿರಬೇಕು. ನನಗೊಂದು ಮಾತು ಹೇಳಬಹುದಿತ್ತು ಅವಳು.” ಆ ದನಿಯಲ್ಲಿ ತೀರಿಕೊಂಡವಳ ಮೇಲೆ ಸಣ್ಣದೊಂದು ಸಿಟ್ಟಿತ್ತು. ಹೊರಡುವಾಗ ನನ್ನ ಹೆಗಲು ತಟ್ಟಿದರು: “ಉಳಿದದ್ದನ್ನಾದರೂ ಉಳಿಸಿಕೊಟ್ಟೆಯಲ್ಲ.”

ಮರುವರ್ಷ ಡಾಕ್‌ಲ್ಯಾಂಡ್ಸ್‌ನಲ್ಲಿ, ನಗರದ ಹಳೆಯ ಬಂದರಿನ ದಡದಲ್ಲಿ, ಒಂದು ಮೇಳದಲ್ಲಿ ಮೂವರು ಅಂಥದ್ದೇ ಕೋಟು ತೊಟ್ಟು ಕುಣಿಯುವುದನ್ನು ನೋಡಿದೆ. ಪಾದ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ತಿರುಗಿದರೆ ಸಾಕು, ಸೀಳುತೋಳುಗಳು ಹಾರುತ್ತಿದ್ದವು — ನೀರು, ಗಾಜಿನ ಕಟ್ಟಡ, ಮುಗಿಲು ಎಲ್ಲವೂ ಅವುಗಳ ಜೊತೆ ತಿರುಗುತ್ತಿರುವ ಹಾಗೆ. ಅಂದಿನಿಂದ ಕಣ್ಣು ಮುಚ್ಚಿದರೆ ಒಂದು ಕಪ್ಪು ಕೋಟು ನೀರಿನ ಮೇಲೆ ತೇಲುತ್ತ ಬರುತ್ತದೆ. ಹಾರಲು ನೋಡುತ್ತದೆ, ಆಗುವುದಿಲ್ಲ.

ಅಂಕಲ್ ಮದುವೆಯ ನಂತರ ಸಿಡ್ನಿಯಲ್ಲೇ ಮಗನ ಮನೆಯಲ್ಲಿ ಉಳಿದರು. ಒಂದು ಫೋಟೋ ಕಳಿಸಿದ್ದರು — ಮೊಮ್ಮಗ ನಗುತ್ತಿದ್ದಾನೆ, ತೋಳು ಮಣಿಕಟ್ಟಿಗೆ ಸರಿಯಾಗಿದೆ. ಫೋಟೋದ ಬೆನ್ನಿಗೆ ವಿಳಾಸ, ಕೆಳಗೆ ‘ಥ್ಯಾಂಕ್ಯೂ, ಮಾಸ್ಟರ್’. ಆ ಮಾತನ್ನು ಎರಡನೇ ಸಲ ಓದಲಾಗಲಿಲ್ಲ.

ಕತ್ತರಿಸಿದ ತುಂಡುಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಯಾಕೆ ಎಸೆಯಲಿಲ್ಲವೋ... ನಿನ್ನೆ ಬೆಳಕಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟೂ ತೂತಿಲ್ಲ. ಉಣ್ಣೆಯಲ್ಲಿ ಆ ಒಣಎಲೆಯ ವಾಸನೆ ಇನ್ನೂ ಇದೆ.

ಶನಿವಾರ ಸಿಡ್ನಿಗೆ ರೈಲು ಬುಕ್ ಮಾಡಿದ್ದೇನೆ. ತುಂಡು ಮತ್ತೆ ಜೋಡಿಸಿದರೆ ಹೊಲಿಗೆ ಕಾಣುತ್ತದೆ. ಅದೂ ಅವರಿಗೆ ಬೇಕಿದ್ದರೆ ಮಾತ್ರ. ಈ ಸಲ ಕೇಳಿಯೇ ಸೂಜಿ ಹಿಡಿಯುವೆ. ಅವರು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಅದಕ್ಕೂ ಮೊದಲು ಡಬ್ಬಿಯನ್ನು ಅವರ ಕೈಗಿಟ್ಟು ಒಂದು ಮಾತು ಹೇಳಬೇಕು — ತಮಾರಾ ಆಂಟಿ ಮರೆತಿರಲಿಲ್ಲ, ಅಂಕಲ್.